ಎಂಜಿನ್ ಬದಲಾಯಿಸಿದ ಝೆನ್‌ಗೆ ಮೊದಲ ಖರ್ಚು ಯಾವುದಕ್ಕೆ? ಕೊಡಗಿನ ಘಾಟಿಗೆ ತಕ್ಕ ಕ್ರಮ

ಹಳೆಯ ಮಾರುತಿ ಝೆನ್‌ನಲ್ಲಿ ಎಸ್ಟೀಮ್‌ನ 1.3 ಲೀಟರ್ 16 ವಾಲ್ವ್ ಎಂಜಿನ್ ಕೂರಿಸಿ, ಅದು ಸ್ಟಾರ್ಟ್ ಆಗಿ, ಐಡಲ್ ನಿಂತು, ರಸ್ತೆಗಿಳಿದ ವಾರದಲ್ಲೇ ಶುರುವಾಗುವ ಪ್ರಶ್ನೆ ಒಂದೇ: ಇನ್ನೂ ಪಿಕಪ್ ಬೇಕಾದರೆ ಏನು ಹಾಕಬೇಕು? ಹೆಡರ್ (ಎಂಜಿನ್ನಿನಿಂದ ಹೊಗೆ ಹೊರಬರುವ ಪೈಪುಗಳ ಜೋಡಣೆ), ಕೋನ್ ಫಿಲ್ಟರ್, ದಪ್ಪ ಸೈಲೆನ್ಸರ್, ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಎಂಬ ಪಟ್ಟಿ ಎಲ್ಲರ ಬಾಯಲ್ಲೂ ಇದೆ. ಸಂಪಾಜೆ, ಮಾಕುಟ್ಟ ಘಾಟಿಗಳಲ್ಲಿ ಓಡಬೇಕಾದ ಕಾರಿಗೆ ಆ ಪಟ್ಟಿಯನ್ನು ಕೊನೆಗೆ ಇಡಬೇಕು, ಅದರಲ್ಲಿ ಇಲ್ಲದ ನಾಲ್ಕೈದು ಸಾಮಾನುಗಳನ್ನು ಮೊದಲಿಗೆ ಸೇರಿಸಬೇಕು.

ಲೆಕ್ಕ ಹಾಕಿ ನೋಡಿ. ಕಾರ್ಬ್ಯುರೇಟರ್ ಝೆನ್‌ನ 993 ಸಿಸಿ ಎಂಜಿನ್ 50 ಬಿಎಚ್‌ಪಿ, ಆಮೇಲಿನ ಎಂಪಿಎಫ್‌ಐ (ಪೆಟ್ರೋಲನ್ನು ಇಂಜೆಕ್ಟರ್‌ನಿಂದ ಸಿಂಪಡಿಸುವ ವ್ಯವಸ್ಥೆ) 60. ಎಸ್ಟೀಮ್‌ನ ಎಂಪಿಎಫ್‌ಐ 1,298 ಸಿಸಿ ಎಂಜಿನ್ 85. ಹಳೆಯ ಬಲೆನೊದ 1.6 ಕೂರಿಸಿದ್ದರೆ 94. ಮುಕ್ಕಾಲು ಟನ್ ಆಸುಪಾಸಿನ ಕಾರಿಗೆ 1.3 ಒಂದೇ ಏಟಿಗೆ ಶೇ. 40ರಿಂದ 70ರಷ್ಟು ಶಕ್ತಿ ಸೇರಿಸಿಬಿಟ್ಟಿದೆ. ಅದರ ಮೇಲೆ ಹೆಡರ್, ಫಿಲ್ಟರ್, ಟ್ಯೂನಿಂಗ್ ಎಲ್ಲ ಸೇರಿ ಏಳೆಂಟು ಬಿಎಚ್‌ಪಿ ಕೊಟ್ಟರೆ ಪುಣ್ಯ. ಇನ್ನು ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಶೇ. 11ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟೇ ಪಾಲು ಶಕ್ತಿ ಕಳೆದುಕೊಳ್ಳುತ್ತದೆ, 85 ಇದ್ದದ್ದು 75-76ಕ್ಕೆ ಬರುತ್ತದೆ. ಬೋಲ್ಟ್ ಬಿಗಿದು ಗಳಿಸುವುದಕ್ಕಿಂತ ಹೆಚ್ಚನ್ನು ಬೆಟ್ಟವೇ ಕಿತ್ತುಕೊಳ್ಳುತ್ತದೆ ಎಂದಾಯಿತು.

ಹಾಗಾಗಿ ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಎಂಟನ್ನು ನಿಲ್ಲುವುದಕ್ಕೆ, ತಣ್ಣಗಿರುವುದಕ್ಕೆ, ನೆಲ ಹಿಡಿಯುವುದಕ್ಕೆ ಹಾಕಿ. ಉಳಿದ ಎರಡು ಪಿಕಪ್‌ಗೆ. ಕೆಳಗಿನ ಕ್ರಮ ಅದೇ ಲೆಕ್ಕದ್ದು.

ಸಾಮಾನಿಗೆ ಮೊದಲು ಕಾಗದ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿನ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಿಸಲು ನೋಂದಣಿ ಅಧಿಕಾರಿಯ ಅನುಮತಿ ಬೇಕು. ಅದೇ ತಯಾರಿಕೆಯ ಅದೇ ಮಾದರಿ ಎಂಜಿನ್ ಆದರೆ ಹಾದಿ ಇದೆ. 1.0 ಇದ್ದ ಜಾಗಕ್ಕೆ 1.3 ಎಂದರೆ ಮಾತೇ ಬೇರೆ. ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಇವೆ. ಕೆಎ-12 ಗಾಡಿಯಾದರೆ ಮಡಿಕೇರಿ ಆರ್‌ಟಿಒ ಕಚೇರಿಯಲ್ಲಿ ಮೊದಲು ಬರಹದಲ್ಲಿ ಕೇಳಿ. ಅನುಮತಿ ಸಿಗದಿದ್ದರೆ ಆ ಕಾರು ಸ್ವಂತ ತೋಟದೊಳಗೆ, ಆಟೋಕ್ರಾಸ್ (ಮಣ್ಣಿನ ಹಾದಿಯ ಕಾರು ಓಟ) ಟ್ರ್ಯಾಕಿನಲ್ಲಿ ಓಡಲಿ, ಅಲ್ಲಿಗೆ ಬೇರೆ ಗಾಡಿಯ ಮೇಲೇರಿ ಹೋಗಲಿ. ಅಪಘಾತವಾದಾಗ ಇನ್ಶೂರೆನ್ಸ್ ಸರ್ವೇಯರ್ ಮೊದಲು ನೋಡುವುದೇ ಎಂಜಿನ್ ನಂಬರ್.

ಆಟೋಕ್ರಾಸ್‌ಗೆಂದೇ ಕಟ್ಟುತ್ತಿದ್ದರೆ ಆ ಸ್ಪರ್ಧೆಯ ನಿಯಮಪುಸ್ತಕ ಓದದೆ ಒಂದು ನಟ್ಟನ್ನೂ ಕೊಳ್ಳಬೇಡಿ. ವರ್ಗಗಳನ್ನು ಎಂಜಿನ್ ಗಾತ್ರದ ಮೇಲೆ ಮಾಡುತ್ತಾರೆ. ಹೊರಗಿನ ಎಂಜಿನ್ ಕೂತ ಕಾರು ಓಪನ್ ವರ್ಗಕ್ಕೆ ಹೋದರೆ ನಿಮ್ಮ ಪೈಪೋಟಿ ದೊಡ್ಡ ಗಾಡಿಗಳ ಜೊತೆಗೆ.

ಈಗ ಇರುವ ಎಂಜಿನ್ ಎಷ್ಟು ಗಟ್ಟಿ?

ಗುಜರಿಯಿಂದ ಬಂದ ಎಂಜಿನ್‌ಗೆ ವಯಸ್ಸು ಗೊತ್ತಿರುವುದಿಲ್ಲ. ಮೀಟರ್ ಹಳೆಯ ಕಾರಿನಲ್ಲೇ ಉಳಿದಿರುತ್ತದೆ. ಆದ್ದರಿಂದ ಮೊದಲ ಖರ್ಚು ಅಳತೆಗೆ: ಕಂಪ್ರೆಶನ್ ಗೇಜ್, ವ್ಯಾಕ್ಯೂಮ್ ಗೇಜ್, ಆಯಿಲ್ ಪ್ರೆಶರ್ ಗೇಜ್, ಒಂದು ಮಲ್ಟಿಮೀಟರ್.

ಕಂಪ್ರೆಶನ್ ನೋಡುವ ಕ್ರಮ ಹೀಗಿದೆ. ಫ್ಯಾನ್ ತಿರುಗುವವರೆಗೆ ಎಂಜಿನ್ ಬಿಸಿ ಮಾಡಿ ಆಫ್ ಮಾಡಿ. ನಾಲ್ಕೂ ಪ್ಲಗ್ ಬಿಚ್ಚಿ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಕಳಚಿ, ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರ್‌ಗೆ ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು, ಇಲ್ಲದಿದ್ದರೆ ನಾಲ್ಕನೇ ಸಿಲಿಂಡರ್ ಸುಮ್ಮನೆ ಕಡಿಮೆ ತೋರಿಸುತ್ತದೆ. ಸಮುದ್ರಮಟ್ಟದಲ್ಲಿ ಒಳ್ಳೆಯ ಎಂಜಿನ್ 12ರಿಂದ 14 ಕೆ.ಜಿ. (ಪ್ರತಿ ಚದರ ಸೆಂ.ಮೀ.ಗೆ) ತೋರಿಸಬೇಕು. ಮಡಿಕೇರಿ, ಭಾಗಮಂಡಲದ ಕಡೆ ಇದೇ ಎಂಜಿನ್ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ ತೋರಿಸುತ್ತದೆ. ಅದನ್ನು ಕಂಡು ರಿಂಗ್ ಸವೆದಿದೆ ಎಂದು ಎಂಜಿನ್ ಬಿಚ್ಚಿಸಬೇಡಿ. ಅಂಕಿ ಎಷ್ಟು ಎನ್ನುವುದಕ್ಕಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಅದು 1 ಕೆ.ಜಿ. ದಾಟಬಾರದು. ದಾಟಿದರೆ ಆ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಹೆಚ್ಚು.

ವ್ಯಾಕ್ಯೂಮ್ ಗೇಜ್ ವಿಷಯದಲ್ಲೂ ಅದೇ ಎಚ್ಚರ. ಪುಸ್ತಕದಲ್ಲಿ ಐಡಲ್‌ಗೆ 18ರಿಂದ 21 ಇಂಚು ಎಂದಿರುತ್ತದೆ. ಮಡಿಕೇರಿಯಲ್ಲಿ 14ರಿಂದ 17 ಬಂದರೆ ಸರಿ. ಮುಳ್ಳು ಸ್ಥಿರವಾಗಿ ನಿಲ್ಲದೆ ಕುಣಿಯುತ್ತಿದ್ದರೆ ಮಾತ್ರ ತಲೆಕೆಡಿಸಿಕೊಳ್ಳಿ.

ಆಯಿಲ್ ಪ್ರೆಶರ್ ಬಿಸಿ ಎಂಜಿನ್‌ನಲ್ಲಿ 4,000 ಆರ್‌ಪಿಎಂಗೆ 3 ಕೆ.ಜಿ.ಗಿಂತ ಕೆಳಗಿದ್ದರೆ ಮುಂದಿನ ಯಾವ ಅಪ್‌ಗ್ರೇಡೂ ಬೇಡ, ಬೇರಿಂಗ್ ನೋಡಿಸಿ. ಟೈಮಿಂಗ್ ಬೆಲ್ಟ್, ಟೆನ್ಷನರ್, ಕ್ರ್ಯಾಂಕ್ ಮತ್ತು ಕ್ಯಾಮ್ ಆಯಿಲ್ ಸೀಲ್‌ಗಳನ್ನು ‘ಚೆನ್ನಾಗಿಯೇ ಇದೆಯಲ್ಲ’ ಎಂದು ಬಿಡದೆ ಹೊಸದು ಹಾಕಿ. ಬೆಲ್ಟ್ ಬಿಚ್ಚಿದಾಗಲೇ ವಾಟರ್ ಪಂಪಿನ ಶಾಫ್ಟನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ.

ಈ ಅಂಕಿಗಳನ್ನು ತಾರೀಖು ಮತ್ತು ಊರಿನ ಹೆಸರಿನ ಜೊತೆ ಬರೆದಿಡಿ. ಕುಶಾಲನಗರದಲ್ಲಿ ತೆಗೆದ ಅಂಕಿಯನ್ನು ಮಡಿಕೇರಿಯದರ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಅರ್ಥಿಂಗ್: ಅಗ್ಗದ, ಎಲ್ಲರೂ ಮರೆಯುವ ಕೆಲಸ

ಎಂಜಿನ್ ಕೂರಿಸುವಾಗ ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್‌ಗೆ ಹೋಗುವ ಅರ್ಥ್ ವೈರ್ ಬಿಟ್ಟುಹೋಗುವುದು, ಇಲ್ಲವೇ ಬಣ್ಣ ಬಳಿದ ತಗಡಿನ ಮೇಲೆ ಕೂರುವುದು ತೀರ ಸಾಮಾನ್ಯ. ಆಗ ಸೆಲ್ಫ್‌ನ ಕರೆಂಟು ಎಕ್ಸಲರೇಟರ್ ಕೇಬಲ್ಲು, ಕ್ಲಚ್ ಕೇಬಲ್ಲುಗಳ ಮೂಲಕ ದಾರಿ ಹುಡುಕುತ್ತದೆ. ಸೆನ್ಸರ್‌ಗಳು ತಪ್ಪು ಓದುತ್ತವೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಾನಾಗಿಯೇ ಇಲ್ಲದ ಕಾಯಿಲೆಯನ್ನು ತೋರಿಸುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಬ್ಲಾಕಿಗೊಂದು, ಬಾಡಿಗೊಂದು ದಪ್ಪ ಅರ್ಥ್ ಸ್ಟ್ರ್ಯಾಪ್ ಹಾಕಿ. ಬಣ್ಣ ಕೆರೆದು, ಬಿಗಿದು, ಮೇಲೆ ಗ್ರೀಸ್ ಸವರಿ. ಕೊಡಗಿನ ಮಳೆಗೆ ಬರಿ ತಾಮ್ರ ಒಂದೇ ಮಳೆಗಾಲದಲ್ಲಿ ಹಸಿರುಗಟ್ಟುತ್ತದೆ.

ಇಸಿಯು ಎಲ್ಲಿ ಕೂತಿದೆ ಎಂದೂ ನೋಡಿ. ವೈಪರ್ ಕೆಳಗಿನ ನೀರುಕಾಲುವೆಯಲ್ಲಿ ಸಿಲ್ವರ್ ಓಕ್ ಎಲೆ ಸಿಕ್ಕಿಕೊಂಡರೆ ನೀರು ಕ್ಯಾಬಿನ್ ಒಳಗೆ ಇಳಿಯುತ್ತದೆ. ಜೂನ್ ಬರುವ ಮೊದಲು ಎಲೆ ತೆಗೆದು, ಪೈಪು ಹಾಯಿಸಿ, ನೀರು ಚಕ್ರದ ಹಿಂದಿನಿಂದ ಬೀಳುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ವೈರಿಂಗ್ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡು) ದಾಟುವಲ್ಲಿ ರಬ್ಬರ್ ಬುಷ್ ಇರಬೇಕು. ತೋಟದ ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಯಾದರೆ ಇಲಿಗಳಿಗಾಗಿ ಹಾರ್ನೆಸ್ ಮೇಲೆ ಗಟ್ಟಿ ಕಾಂಡ್ಯೂಟ್ ಎಳೆಯಿರಿ.

ತಣ್ಣಗಿಡುವುದು

ಝೆನ್‌ನ ರೇಡಿಯೇಟರ್ 1 ಲೀಟರ್ ಎಂಜಿನ್‌ಗೆ ಅಳತೆ ಮಾಡಿ ಕೊಟ್ಟದ್ದು. ಸಮತಟ್ಟಾದ ಮೈಸೂರು ರಸ್ತೆಯಲ್ಲಿ 1.3ನ್ನೂ ಅದು ಸಂಭಾಳಿಸಿಬಿಡುತ್ತದೆ. ಗುಟ್ಟು ಬಯಲಾಗುವುದು ಸಂಪಾಜೆಯಿಂದ ಮಡಿಕೇರಿಗೆ ಎರಡನೇ ಗೇರಿನಲ್ಲಿ, ಲಾರಿಯ ಹಿಂದೆ, ನಾಲ್ಕು ಜನರನ್ನು ಹೊತ್ತು ಏರುವಾಗ. ಆ ಹೊತ್ತಿನಲ್ಲಿ ಎಂಜಿನ್ ಹೆಚ್ಚು ದುಡಿಯುತ್ತಿರುತ್ತದೆ, ಎದುರುಗಾಳಿ ಬಹಳ ಕಡಿಮೆ ಇರುತ್ತದೆ.

ಎಂಜಿನ್ ಕೊಟ್ಟ ಕಾರಿನ ರೇಡಿಯೇಟರನ್ನೇ ಹಾಕುವುದು ಸರಿಯಾದ ದಾರಿ. ಜಾಗ ಸಾಲದಿದ್ದರೆ ಅದೇ ಅಗಲಕ್ಕೆ ಎರಡು ಸಾಲಿನ ಕೋರ್ ಇರುವುದನ್ನು ಮಾಡಿಸಿ. ಫ್ಯಾನಿಗೆ ಶ್ರೌಡ್ (ಗಾಳಿಯನ್ನು ಇಡೀ ಕೋರ್ ಮೂಲಕ ಎಳೆಸುವ ಸುತ್ತುಕವಚ) ಇರಲೇಬೇಕು. ಬರಿ ಫ್ಯಾನನ್ನು ಕೋರ್‌ಗೆ ಕಟ್ಟಿದರೆ ರೆಕ್ಕೆಯ ಎದುರಿನಷ್ಟೇ ಜಾಗ ತಣ್ಣಗಾಗುತ್ತದೆ, ಮೂಲೆಗಳು ಬಿಸಿಯಾಗಿಯೇ ಉಳಿಯುತ್ತವೆ. ಫ್ಯಾನಿಗೆ ಪ್ರತ್ಯೇಕ ರಿಲೇ ಮತ್ತು ಫ್ಯೂಸ್ ಕೊಡಿ, ಝೆನ್‌ನ ಹಳೆ ವೈರಿಗೆ ದೊಡ್ಡ ಫ್ಯಾನ್ ಜೋಡಿಸಬೇಡಿ. ರೇಡಿಯೇಟರ್ ಮುಚ್ಚಳ ಹೊಸದಿರಲಿ. ಮಡಿಕೇರಿಯ ಎತ್ತರದಲ್ಲಿ ಬರಿ ನೀರು 96 ಡಿಗ್ರಿಗೇ ಕುದಿಯುತ್ತದೆ, ಅದನ್ನು ತಡೆಯುವುದು ಮುಚ್ಚಳದ ಒತ್ತಡವೇ. ಸ್ಪ್ರಿಂಗ್ ಸೋತ ಮುಚ್ಚಳ ಹಾಕಿಕೊಂಡು ದುಬಾರಿ ರೇಡಿಯೇಟರ್ ತಂದರೆ ದುಡ್ಡು ದಂಡ.

‘ಬಿಸಿ ಏರುತ್ತದೆ, ಥರ್ಮೋಸ್ಟಾಟ್ ತೆಗೆದುಬಿಡಿ’ ಎಂಬ ಸಲಹೆ ಸಿಗದ ಗ್ಯಾರೇಜಿಲ್ಲ. ಕೇಳಬೇಡಿ. ಥರ್ಮೋಸ್ಟಾಟ್ ಇಲ್ಲದಿದ್ದರೆ ಮಂಜು ಕವಿದ ಬೆಳಗ್ಗೆ ಎಂಜಿನ್ ಸರಿಯಾದ ಬಿಸಿಗೇ ಬರುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಯು ಪೆಟ್ರೋಲ್ ಹೆಚ್ಚು ಸುರಿಯುತ್ತಲೇ ಇರುತ್ತದೆ. ಆ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತದೆ, ಆಯಿಲ್ ಮಟ್ಟ ತಾನಾಗಿಯೇ ಏರಿದಂತೆ ಕಾಣುತ್ತದೆ. ರಿಂಗ್ ಸವೆಯಲು ಇಷ್ಟು ಸಾಕು.

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನೂ ನಂಬಬೇಡಿ. ಝೆನ್‌ನ ಮೀಟರ್, ಎಸ್ಟೀಮ್‌ನ ಸೆಂಡರ್ ಹೊಂದದಿದ್ದರೆ ಮುಳ್ಳು ನಡುವೆ ಕೂತಿದ್ದರೂ ಎಂಜಿನ್ ಕುದಿಯುತ್ತಿರಬಹುದು. ಡಿಗ್ರಿ ತೋರಿಸುವ ಪ್ರತ್ಯೇಕ ಗೇಜ್ ಹಾಕಿ. ಕಾರಿನೊಳಗೆ ಹಾಕುವ ಮೊದಲ ಅಲಂಕಾರ ಅದೇ ಆಗಲಿ.

ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತುಂಬುವಾಗ ಕಾರಿನ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ (ನಮ್ಮಲ್ಲಿ ಅದಕ್ಕೆ ಜಾಗ ಹುಡುಕಬೇಕಾಗಿಲ್ಲ), ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣನೆಯ ಎಂಜಿನ್‌ನಲ್ಲೇ ಮುಚ್ಚಳ ತೆರೆದು ಸ್ಟಾರ್ಟ್ ಮಾಡಿ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಬಿಡಿ. ಪೂರ್ತಿ ಆರಿದ ಮೇಲೆ ಮಟ್ಟ ನೋಡಿ ತುಂಬಿಸಿ. ಮರುದಿನ ಬೆಳಗ್ಗೆ ಇನ್ನೊಮ್ಮೆ.

ಪೆಟ್ರೋಲ್ ಲೈನು ಮತ್ತು ಇ20

ಕಾರ್ಬ್ಯುರೇಟರ್ ಝೆನ್‌ಗೆ ಎಂಪಿಎಫ್‌ಐ ಎಂಜಿನ್ ಕೂರಿಸಿದ್ದರೆ ಇಲ್ಲಿ ಬೆಂಕಿಯ ಅಪಾಯವಿದೆ. ಹಳೆಯ ಮೆಕ್ಯಾನಿಕಲ್ ಪಂಪಿನ ಲೈನಿನಲ್ಲಿ ಒತ್ತಡ ಅತ್ಯಲ್ಪ. ಇಂಜೆಕ್ಷನ್‌ಗೆ ಎರಡೂವರೆಯಿಂದ ಮೂರು ಬಾರ್ ಬೇಕು. ಹಳೆ ಪೈಪನ್ನೇ ಉಳಿಸಿಕೊಂಡರೆ ಅದು ಸೀಳುವುದು ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆಯೇ. ಟ್ಯಾಂಕಿನಿಂದ ರೇಲ್‌ವರೆಗೆ ಇಂಜೆಕ್ಷನ್ ದರ್ಜೆಯ ಹೋಸ್, ಸುತ್ತಲೂ ಸಮನಾಗಿ ಅಮರುವ ಇಂಜೆಕ್ಷನ್ ಕ್ಲಿಪ್, ಪ್ರತ್ಯೇಕ ರಿಟರ್ನ್ ಲೈನ್, ಪಂಪಿಗೆ ರಿಲೇ ಇವಿಷ್ಟು ಆಗಲೇಬೇಕು. ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು, ಕೀಲಿಗೆ ನೇರ ವೈರ್ ಎಳೆದಿದ್ದರೆ ಕೂಡಲೇ ಬದಲಿಸಿ.

ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ತೊಂಬತ್ತರ ದಶಕದ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ, ಉಬ್ಬಿ ಮೆದುವಾಗಿ ಬಿರಿಯುತ್ತದೆ. ಎಥನಾಲ್‌ಗೆ ಹೊಂದುತ್ತದೆ ಎಂದು ನಮೂದಿಸಿರುವ ಹೋಸನ್ನೇ ಕೇಳಿ ತನ್ನಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಕಾರಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಖಾಲಿ ಟ್ಯಾಂಕಿನ ತೇವವನ್ನು ಎಥನಾಲ್ ಹೀರಿ, ನೀರು ಸೇರಿದ ಪದರ ತಳಕ್ಕೆ ಇಳಿಯುತ್ತದೆ. ಪಂಪ್ ಎಳೆಯುವುದು ತಳದಿಂದಲೇ.

ಕಾರ್ಬ್ಯುರೇಟರ್ 1.3 ಹಾಕಿದವರಿಗೆ ಒಂದು ಸೂಕ್ಷ್ಮ. ಎತ್ತರಕ್ಕೆ ಹೋದಂತೆ ಕಾರ್ಬ್ಯುರೇಟರ್ ಮಿಶ್ರಣ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚು) ಆಗುತ್ತದೆ, ಮಡಿಕೇರಿಯಲ್ಲಿ ಶೇ. 5-6ರಷ್ಟು. ಇ20 ಅದನ್ನು ಲೀನ್ (ಪೆಟ್ರೋಲ್ ಕಡಿಮೆ) ಮಾಡುತ್ತದೆ, ಸುಮಾರು ಶೇ. 8ರಷ್ಟು. ಮಡಿಕೇರಿಯಲ್ಲಿ ಎರಡೂ ಹೆಚ್ಚುಕಡಿಮೆ ಸರಿಹೋಗಿ ಎಂಜಿನ್ ಸಲೀಸಾಗಿ ಓಡುತ್ತದೆ. ಅದೇ ಜೆಟ್‌ನಲ್ಲಿ (ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿಡಿಭಾಗ) ಘಾಟಿ ಇಳಿದು ಸುಳ್ಯ, ಮಂಗಳೂರಿಗೆ ಹೋದರೆ ಲೀನ್ ಮಾತ್ರ ಉಳಿಯುತ್ತದೆ. ಕೆಳಗಿನ ಬಿಸಿಲಿನಲ್ಲಿ, ಫುಲ್ ಥ್ರಾಟಲ್‌ನಲ್ಲಿ ಪಿಸ್ಟನ್‌ಗೆ ಕುತ್ತು. ಇಳಿದು ಹತ್ತುವ ಕಾರಾದರೆ ಕೆಳಗಿನ ಊರಿಗೆ ತಕ್ಕಂತೆ ಜೆಟ್ ಹಾಕಿ, ಮೇಲೆ ಸ್ವಲ್ಪ ರಿಚ್ ಓಡಲಿ. ಎಂಪಿಎಫ್‌ಐಗೆ ಮ್ಯಾಪ್ ಸೆನ್ಸರ್ (ಇನ್‌ಟೇಕ್ ಗಾಳಿಯ ಒತ್ತಡ ಅಳೆಯುವುದು) ಎತ್ತರದ ಲೆಕ್ಕ ನೋಡಿಕೊಳ್ಳುತ್ತದೆ.

ಹೇರ್‌ಪಿನ್‌ನಿಂದ ಹೊರಬರುವಾಗ ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತೆ ಆದರೆ ಇಸಿಯುವನ್ನು ಬಯ್ಯುವ ಮೊದಲು ಪೆಟ್ರೋಲ್ ಮುಳ್ಳು ನೋಡಿ. ಕಾರ್ಬ್ಯುರೇಟರ್ ಕಾಲದ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದಾಗ ಅದು ತಿರುವಿನ ಹೊರಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಅರ್ಧ ಟ್ಯಾಂಕಿಗಿಂತ ಮೇಲೆ ಇಟ್ಟುಕೊಂಡರೆ ಖರ್ಚಿಲ್ಲದೆ ಮುಗಿಯಿತು. ಆಟೋಕ್ರಾಸ್‌ಗಾದರೆ ಒಂದೂವರೆ ಲೀಟರಿನ ಸರ್ಜ್ ಟ್ಯಾಂಕ್ (ಪಂಪಿಗೆ ಸದಾ ಪೆಟ್ರೋಲ್ ಸಿಗುವಂತೆ ಮಾಡುವ ಸಣ್ಣ ಟ್ಯಾಂಕ್) ಬೇಕಾಗಬಹುದು.

ಮೌಂಟ್, ಆಕ್ಸಲ್, ಕ್ಲಚ್

ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಕೊಂಚ ಕೊಂಚವೇ ಬಿಡಿಸಿ, ಒಬ್ಬರು ಬದಿಯಿಂದ ನೋಡಲಿ. ಕಾರಿನ ಎದುರು ಯಾರೂ ನಿಲ್ಲಬಾರದು. ಎಂಜಿನ್ ಎರಡು ಮೂರು ಬೆರಳಿಗಿಂತ ಹೆಚ್ಚು ಎದ್ದರೆ ಮೌಂಟ್ ಸೋತಿದೆ. ಪಾಲಿಯುರೇಥೇನ್ ಮೌಂಟ್ ಬೇಕೆನಿಸಿದರೆ ಹಿಂದಿನ ಒಂದಕ್ಕೆ ಮಾತ್ರ ಹಾಕಿ. ಮೂರಕ್ಕೂ ಹಾಕಿದರೆ ಐಡಲ್‌ನಲ್ಲಿ ಹಲ್ಲು ಕಟಕಟ ಎನ್ನುತ್ತದೆ.

ಆಕ್ಸಲ್ ಉದ್ದ ತಪ್ಪಿದ್ದರೆ ಚಕ್ರ ಪೂರ್ತಿ ಇಳಿಬಿದ್ದಾಗ ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ, ಪೂರ್ತಿ ಒತ್ತಿದಾಗ ಗೇರ್‌ಬಾಕ್ಸಿಗೆ ಗುದ್ದುತ್ತದೆ. ಜ್ಯಾಕ್ ಮೇಲೆ ಎರಡೂ ಸ್ಥಿತಿಯಲ್ಲಿ ಆಕ್ಸಲನ್ನು ಒಳಹೊರಗೆ ಎಳೆದು ನೋಡಿ, ಎರಡೂ ಕಡೆ ಸ್ವಲ್ಪ ಆಟ ಉಳಿದಿರಬೇಕು. ಬೂಟು ಹರಿದಿದ್ದರೆ ಅಂದೇ ಬದಲಿಸಿ. ತೋಟದ ಕೆಸರು ಒಳಹೊಕ್ಕರೆ ಜಾಯಿಂಟ್ ಹೆಚ್ಚು ದಿನ ಬಾಳದು.

ಕ್ಲಚ್ ಜಾರುವುದನ್ನು ಏರಿನಲ್ಲೇ ನೋಡಿ: ನಾಲ್ಕನೇ ಗೇರಿನಲ್ಲಿ 2,000 ಆರ್‌ಪಿಎಂನಿಂದ ಪೂರ್ತಿ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಪ್ಲೇಟು ಹೋಗಿದೆ. ಎಂಜಿನ್ ಕೊಟ್ಟ ಕಾರಿನ ಪ್ಲೇಟು, ಕವರ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿ. ರೇಸಿಂಗ್ ಪ್ಲೇಟು ಬೇಡ, ಸಂತೆದಿನದ ಗೋಣಿಕೊಪ್ಪ ಪೇಟೆಯಲ್ಲಿ ಕಾಲು ಬಿದ್ದುಹೋಗುತ್ತದೆ.

ಬ್ರೇಕ್

ನಾಲ್ಕು ಜನ ಕೂತ ಒಂದು ಟನ್ ಕಾರು ಮಡಿಕೇರಿಯಿಂದ ಸಂಪಾಜೆಗೆ ಸುಮಾರು ಸಾವಿರ ಮೀಟರ್ ಇಳಿಯುತ್ತದೆ. ಬಿಡುಗಡೆಯಾಗುವ ಶಕ್ತಿ ಹೆಚ್ಚುಕಡಿಮೆ 2.7 ಯೂನಿಟ್ ಕರೆಂಟಿನಷ್ಟು. ಎಂಜಿನ್ ಯಾವುದೇ ಇರಲಿ, ಈ ಭಾಗ ಬದಲಾಗುವುದಿಲ್ಲ. ಬದಲಾಗುವುದು ಎರಡು ತಿರುವಿನ ನಡುವಿನ ವೇಗ. 40ರಲ್ಲಿ ಬರುತ್ತಿದ್ದವರು 60ರಲ್ಲಿ ಬಂದರೆ ಪ್ರತಿ ತಿರುವಿನಲ್ಲೂ ಡಿಸ್ಕ್ ನುಂಗಬೇಕಾದ ಬಿಸಿ ಎರಡೂಕಾಲು ಪಟ್ಟು.

ಮೊದಲು ಬ್ರೇಕ್ ಆಯಿಲ್. ಡಾಟ್ 3 ದರ್ಜೆಯದು ಹೊಸದಿದ್ದಾಗ 205 ಡಿಗ್ರಿಗೆ, ತೇವ ಹೀರಿದ ಮೇಲೆ 140ಕ್ಕೆ ಕುದಿಯುತ್ತದೆ. ಡಾಟ್ 4 ಕ್ರಮವಾಗಿ 230 ಮತ್ತು 155. ಕೊಡಗಿನ ತೇವದಲ್ಲಿ ‘ಎರಡು ವರ್ಷಕ್ಕೊಮ್ಮೆ’ ನಡೆಯದು, ಪ್ರತಿ ಮೇ ತಿಂಗಳು ಬದಲಿಸಿ. ಒಂದು ಲೀಟರ್ ತಂದರೆ ನಾಲ್ಕು ಚಕ್ರಕ್ಕೂ ಧಾರಾಳ. ಜೊತೆಗೆ ನಾಲ್ಕೂ ರಬ್ಬರ್ ಹೋಸ್, ಹಿಂದಿನ ವೀಲ್ ಸಿಲಿಂಡರ್, ಹೊಸ ಪ್ಯಾಡ್, ಹೊಸ ಬ್ರೇಕ್ ಶೂ. ಡಿಸ್ಕಿನ ಅಂಚಿನಲ್ಲಿ ಅಚ್ಚಾದ ಕನಿಷ್ಠ ದಪ್ಪಕ್ಕೆ ಬಂದಿದ್ದರೆ ಡಿಸ್ಕೂ ಹೊಸದು.

ಬೂಸ್ಟರ್ ಪರೀಕ್ಷೆಗೆ ಎಂಜಿನ್ ಆಫ್ ಮಾಡಿ ಪೆಡಲನ್ನು ಐದು ಸಲ ತುಳಿಯಿರಿ, ತುಳಿದು ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗೆ ಇಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಹೋಸಿನ ಒನ್‌ವೇ ವಾಲ್ವ್ ನೋಡಿ. ಎಂಜಿನ್ ಬದಲಿಸುವಾಗ ಅದನ್ನು ತಿರುಗಾಮುರುಗಾ ಹಾಕಿರುವುದುಂಟು. ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆಯಾದ್ದರಿಂದ ಬೂಸ್ಟರಿನ ನೆರವೂ ಕಡಿಮೆ, ಪೆಡಲ್ ಕೊಂಚ ಗಟ್ಟಿ ಎನಿಸುವುದು ಸಹಜ.

ಇಷ್ಟಾದ ಮೇಲೂ ಘಾಟಿ ಇಳಿದಾಗ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲಲು ತಡಮಾಡಿದರೆ ಪ್ಯಾಡ್ ಬಿಸಿಗೆ ಸೋತಿದೆ. ಪೆಡಲ್ ಸ್ಪಂಜಿನಂತಾಗಿ ನೆಲಕ್ಕೆ ಹೋದರೆ ಆಯಿಲ್ ಕುದಿದಿದೆ. ಮೊದಲನೆಯದಕ್ಕೆ ಉತ್ತಮ ಪ್ಯಾಡ್ ಅಥವಾ ದೊಡ್ಡ ಡಿಸ್ಕ್, ಎರಡನೆಯದಕ್ಕೆ ಹೊಸ ಆಯಿಲ್ ಮತ್ತು ಗೇರಿನಲ್ಲಿ ಇಳಿಯುವ ಅಭ್ಯಾಸ. ದೊಡ್ಡ ಡಿಸ್ಕ್ ಎಂದರೆ ಎಂಜಿನ್ ಕೊಟ್ಟ ಕಾರಿನ ಡಿಸ್ಕ್, ಕ್ಯಾಲಿಪರ್, ಸ್ಟಿಯರಿಂಗ್ ನಕಲ್ (ಚಕ್ರದ ಹಬ್ ಕೂರುವ ಭಾಗ) ಪೂರ್ತಿ ಸೆಟ್. ಕೊಳ್ಳುವ ಮೊದಲು ಆಕ್ಸಲ್ ಹಲ್ಲು, ಬಾಲ್ ಜಾಯಿಂಟಿನ ಕೂರುವಿಕೆ, ವೀಲ್ ಒಳಗಿನ ಜಾಗ ಮೂರನ್ನೂ ಅಳೆಯಿರಿ. ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕುವ ಗೋಜು ಬೇಡವೇ ಬೇಡ. ಹಗುರವಾದ ಹಿಂಭಾಗ ಒದ್ದೆ ತಿರುವಿನಲ್ಲಿ ಮೊದಲು ಲಾಕ್ ಆಗಿ ಗಾಡಿ ತಿರುಗಿಬಿಡುತ್ತದೆ.

ಹೊಸ ಪ್ಯಾಡ್ ಕೂರಿಸಲು ಕುಶಾಲನಗರದ ಕಡೆಯ ಸಮತಟ್ಟು ರಸ್ತೆ ಸರಿ, ಹಿಂದೆ ಗಾಡಿ ಇಲ್ಲದ ಹೊತ್ತಿನಲ್ಲಿ. 60ರಿಂದ 20ಕ್ಕೆ ಎಂಟು ಹತ್ತು ಸಲ ಹದವಾಗಿ ಬ್ರೇಕ್ ಹಾಕಿ, ಪೂರ್ತಿ ನಿಲ್ಲಿಸಬೇಡಿ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ.

ಟೈರ್, ಸ್ಪ್ರಿಂಗ್, ಸಂಪ್ ಗಾರ್ಡ್

ಝೆನ್‌ನ 145/70 ಆರ್13 ಟೈರಿಗೆ 85 ಬಿಎಚ್‌ಪಿಯ ಮೊದಲೆರಡು ಗೇರನ್ನು ಮಳೆಯಲ್ಲಿ ಹಿಡಿಯಲು ಆಗುವುದಿಲ್ಲ. 155/65 ಆರ್13 ಹಾಕಿದರೆ ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. 165/65 ಆರ್13 ಹಾಕಿದರೆ ಶೇ. 2ರಷ್ಟು ದೊಡ್ಡದು, ಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ. ಅದಕ್ಕಿಂತ ಅಗಲ ಬೇಡ. ನಿಂತ ನೀರಿನ ಮೇಲೆ ಹಗುರ ಕಾರಿನ ಅಗಲ ಟೈರು ತೇಲುತ್ತದೆ. ಕಾನೂನಿನ ಮಿತಿ 1.6 ಮಿ.ಮೀ. ಇದ್ದರೂ ಮಳೆಗಾಲಕ್ಕೆ 3 ಮಿ.ಮೀ.ಗಿಂತ ಕಡಿಮೆ ಟ್ರೆಡ್ ಆಳ ಇರುವ ಟೈರ್ ಇಟ್ಟುಕೊಳ್ಳಬೇಡಿ. ಇಡೀ ಕಾರಿನಲ್ಲಿ ಒಂದೇ ಒಂದು ಅಪ್‌ಗ್ರೇಡಿಗೆ ದುಡ್ಡಿದ್ದರೆ ಅದು ಇದೇ.

ಹೊಸ ಎಂಜಿನ್ ಭಾರಕ್ಕೆ ಮೂತಿ ಇಳಿದಿದೆಯೇ ಎಂದು ತಿಳಿಯಲು ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ಮುಂದೆ ಇಳಿದಿದ್ದರೆ ಶೇ. 10-15 ಗಟ್ಟಿಯ ಸ್ಪ್ರಿಂಗ್, ಹೊಸ ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಕತ್ತರಿಸುವುದು ಎಲ್ಲೂ ಸರಿಯಲ್ಲ, ಇಲ್ಲಂತೂ ಹುಚ್ಚುತನ. ತೋಟದ ರಸ್ತೆಯ ನಡುವಿನ ದಿಬ್ಬ ನೇರವಾಗಿ ಆಯಿಲ್ ಸಂಪಿಗೇ ಬಡಿಯುತ್ತದೆ. 3 ಮಿ.ಮೀ. ಕಬ್ಬಿಣದ ಸಂಪ್ ಗಾರ್ಡ್ ಹಾಕಿಸಿ, ಗಾಳಿಗೆ ತೂತು, ಆಯಿಲ್ ಡ್ರೈನ್ ಬೋಲ್ಟಿಗೆ ಕಿಂಡಿ ಬಿಡಿಸಿ.

ಈಗ ಪಿಕಪ್

ಸೈಲೆನ್ಸರಿನಿಂದ ಶುರು ಮಾಡಿ, ಏಕೆಂದರೆ ಝೆನ್‌ನ ತೆಳು ಪೈಪು 1.3ರ ಉಸಿರು ನಿಜಕ್ಕೂ ಕಟ್ಟುತ್ತದೆ. 1.3ಕ್ಕೆ ಒಂದೂಮುಕ್ಕಾಲು ಇಂಚು ಸಾಕು, 1.6ಕ್ಕೆ ಹೆಚ್ಚೆಂದರೆ ಎರಡು. ಅದಕ್ಕೂ ದಪ್ಪಗೆ ಹೋದರೆ 2,500-4,000 ಆರ್‌ಪಿಎಂ ನಡುವಿನ ಎಳೆತ ಸಡಿಲವಾಗುತ್ತದೆ. ಘಾಟಿಯಲ್ಲಿ ನೀವು ಇರುವುದೇ ಆ ಜಾಗದಲ್ಲಿ. ಹೆಡರ್ ಬೇಕಾದರೆ 4-2-1 ಮಾದರಿ (ನಾಲ್ಕು ಪೈಪು ಎರಡಾಗಿ, ಆಮೇಲೆ ಒಂದಾಗಿ ಸೇರುವುದು), ನಾಲ್ಕೂ ಒಮ್ಮೆಗೇ ಸೇರುವ 4-1 ಮೇಲಿನ ಆರ್‌ಪಿಎಂಗೆ. ಹೆಡರ್ ಮತ್ತು ಪೈಪಿನ ನಡುವೆ ಹೆಣೆದ ಫ್ಲೆಕ್ಸ್ ತುಂಡು ಹಾಕಿಸಿ. ಎಂಜಿನ್ ತೂಗುವುದರಿಂದ ಅದಿಲ್ಲದ ಪೈಪು ಮೊದಲ ವೆಲ್ಡಿಂಗಿನಲ್ಲೇ ಬಿರಿಯುತ್ತದೆ. ಲ್ಯಾಂಬ್ಡಾ ಸೆನ್ಸರಿಗೆ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವುದು) ಮೊದಲು ಎಲ್ಲೂ ಸೋರಬಾರದು. ಹೊರಗಾಳಿ ಒಳಬಂದರೆ ಮಿಶ್ರಣ ಲೀನ್ ಇದೆ ಎಂದು ಮೋಸಹೋಗಿ ಇಸಿಯು ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಕುಸಿಯುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ತೆಗೆಯಬೇಡಿ. ಸದ್ದಿನ ಬಗ್ಗೆ ಇಷ್ಟೇ: ತಿತಿಮತಿ ಕಾಡಿನ ರಸ್ತೆಯಲ್ಲಿ ನಿಮ್ಮ ಸೈಲೆನ್ಸರ್ ಕೇಳಿ ಆನೆ ದಾರಿ ಬಿಡುತ್ತದೆ ಎಂದುಕೊಳ್ಳಬೇಡಿ.

ಇನ್‌ಟೇಕ್‌ನಲ್ಲಿ ಎಂಜಿನ್ ಕೊಟ್ಟ ಕಾರಿನ ಏರ್ ಬಾಕ್ಸು, ಹೊಸ ಪೇಪರ್ ಫಿಲ್ಟರ್ ಸಾಕು. ಗಾಳಿಯನ್ನು ಹೆಡ್‌ಲೈಟಿನ ಹಿಂದೆ ಎತ್ತರದಿಂದ ತೆಗೆದುಕೊಳ್ಳಿ. ಬಾನೆಟ್ ಒಳಗಿನ ಕೋನ್ ಫಿಲ್ಟರ್ ಎಂಜಿನ್ನಿನದೇ ಬಿಸಿಗಾಳಿ ಕುಡಿಯುತ್ತದೆ. ಬಂಪರ್ ಕೆಳಗಿಟ್ಟರೆ ರಸ್ತೆ ಮೇಲೆ ಹರಿಯುವ ತೊರೆ ದಾಟುವಾಗ ನೀರು ಎಳೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಟ್ಯೂನಿಂಗ್ ಮಾಡಿಸುವ ಮೊದಲು ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಅಳೆಯಿರಿ. ಫುಲ್ ಥ್ರಾಟಲ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ ಗೇಜಿನ ಪೆಟ್ರೋಲ್ ಮಾಪಕದಲ್ಲಿ 12.5ರಿಂದ 13ರ ನಡುವೆ ಇದ್ದರೆ ಇಸಿಯುಗೆ ಕೈ ಹಾಕುವ ಅಗತ್ಯವೇ ಇಲ್ಲ. 13.5 ದಾಟಿದರೆ ಮೊದಲು ಫ್ಯೂಯೆಲ್ ಫಿಲ್ಟರ್, ಪಂಪಿನ ಒತ್ತಡ, ಇಂಜೆಕ್ಟರ್ ಕ್ಲೀನಿಂಗ್, ಆಮೇಲೆ ಪಿಗ್ಗಿಬ್ಯಾಕ್ (ಇಸಿಯು ಜೊತೆ ಜೋಡಿಸುವ ಹೆಚ್ಚುವರಿ ಟ್ಯೂನಿಂಗ್ ಪೆಟ್ಟಿಗೆ). ಏರಿನಲ್ಲಿ ಕಟಕಟ ನಾಕಿಂಗ್ ಬಂದರೆ ಗೇರ್ ಇಳಿಸಿ. ಇಳಿಸಿದರೂ ಬಂದರೆ ಟೈಮಿಂಗ್ ನೋಡಿಸಿ, ಒಂದು ಅಂಕಿ ಕೋಲ್ಡ್ ಪ್ಲಗ್ (ಬಿಸಿ ಬೇಗ ಬಿಟ್ಟುಕೊಡುವುದು) ಹಾಕಿ (ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ ಅಂಕಿ ಹೆಚ್ಚಾದಷ್ಟೂ ಕೋಲ್ಡ್). ಕ್ಯಾಮ್, ಹೆಡ್ ಪೋರ್ಟಿಂಗ್, ದೊಡ್ಡ ಥ್ರಾಟಲ್ ಬಾಡಿ ಇವೆಲ್ಲ 6,000 ಆರ್‌ಪಿಎಂ ಮೇಲಿನ ಬಾಬತ್ತು. ಗದ್ದೆ ಕೊಯ್ಲಿನ ನಂತರದ ಆಟೋಕ್ರಾಸ್‌ಗೆ ಹೋಗುವವರು ಯೋಚಿಸಲಿ.

ಇಷ್ಟೆಲ್ಲ ಕೂರಿಸಿ 500 ಕಿ.ಮೀ. ಓಡಿದ ಮೇಲೆ ಒಂದು ಬೆಳಗ್ಗೆ ಮೀಸಲಿಡಿ. ಮೌಂಟ್ ಬೋಲ್ಟ್, ಆಕ್ಸಲ್ ನಟ್, ಹೆಡರ್ ನಟ್, ಕ್ಯಾಲಿಪರ್ ಬೋಲ್ಟ್, ವೀಲ್ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕಿಗೆ ಬಿಗಿಯಿರಿ. ಸಂಪ್ ಗಾರ್ಡ್ ಬಿಚ್ಚಿ ಆಯಿಲ್ ಹನಿ ಬಿದ್ದಿದೆಯೇ ನೋಡಿ. ಪೆಟ್ರೋಲ್ ಹೋಸಿನ ಪ್ರತಿ ಕ್ಲಿಪ್ಪನ್ನು ಎಂಜಿನ್ ಓಡುತ್ತಿರುವಾಗ ಟಾರ್ಚ್ ಹಾಕಿ ನೋಡಿ, ನಿಲ್ಲಿಸಿದ ಮೇಲೆ ಬೆರಳಿನಿಂದ ಮುಟ್ಟಿ ಮೂಸಿ.